ಏರುರಸ್ತೆಯ ಬೆಂಚು

ಹೃದಯದ ಆಪರೇಷನ್ ಆದ ಮೇಲೆ ತಾತ ದಿನಾ ನಡೆಯಲೇಬೇಕಿತ್ತು. ಆದರೆ ಮನೆಯೆದುರಿನ ಏರುರಸ್ತೆಯಲ್ಲಿ ಕೂತು ಸುಧಾರಿಸಿಕೊಳ್ಳಲು ಜಾಗವೇ ಇರಲಿಲ್ಲ. ಬೆಂಚು ಹಾಕಿಸಿ ಎಂದು ಕೇಳಿದ ಕಚೇರಿಗಳಲ್ಲೆಲ್ಲ ಒಂದೇ ಉತ್ತರ ಸಿಕ್ಕಿತ್ತು. "ಬೆಂಚಾ? ಅದು ನಮ್ಮ ಇಲಾಖೆಗೆ ಬರಲ್ಲರೀ" ಎಂದು ಅಧಿಕಾರಿಗಳ ಮೂಗುದನಿಯನ್ನು ಅಣಕಿಸುತ್ತ ತಾತ ಹಾಸಿಗೆ ಬಿಟ್ಟೇಳುತ್ತಿರಲಿಲ್ಲ. ಮೊಮ್ಮಗಳಿಗೆ ನಗುವೂ ಭಯವೂ ಒಟ್ಟಿಗೇ ಬರುತ್ತಿದ್ದವು.

ಕೊನೆಗೆ ಆರೋಗ್ಯ ಕೇಂದ್ರದ ನರ್ಸಮ್ಮ ಪಟ್ಟು ಹಿಡಿದರು. ಗ್ರಂಥಾಲಯ ತನ್ನ ಅಂಗಳದ ಬೆಂಚು ಬಿಟ್ಟುಕೊಟ್ಟಿತು, ನಗರಸಭೆ ಅದನ್ನು ಏರಿನ ನಡುವೆ ನೆಟ್ಟಿತು. ಮರುದಿನ ನರ್ಸಮ್ಮ, ನಗರಸಭೆಯ ಎಂಜಿನಿಯರ್, ಲೈಬ್ರರಿ ಮೇಡಂ ಬಾಗಿಲಲ್ಲಿ ನಿಂತಿದ್ದರು.

"ಇಷ್ಟೊಂದು ಇಲಾಖೆ ಒಟ್ಟಿಗೆ ಬಂದಿದೆ, ನಾನೇನು ಹೋಗ್ಬಿಟ್ನಾ?" ಎಂದರು ತಾತ.

"ಹೋಗಬಾರ್ದು ಅಂತಾನೇ ಬಂದ್ವಿ. ಚಪ್ಪಲಿ ಹಾಕ್ಕೊಳ್ಳಿ" ಎಂದರು ನರ್ಸಮ್ಮ.

ತಾತ ಬೆಂಚಿನಲ್ಲಿ ಒಮ್ಮೆ ಕೂತರು, ಎದ್ದರು, ಏರಿನ ತುದಿ ಮುಟ್ಟಿಯೇಬಿಟ್ಟರು. ಮೊಮ್ಮಗಳ ಕಣ್ಣು ತುಂಬಿ ಬಂತು. ಕೆಳಗೆ ಎಂಜಿನಿಯರ್ ಸಾಹೇಬರು ಅದೇ ಬೆಂಚಿನಲ್ಲಿ ಏದುಸಿರು ಬಿಡುತ್ತಿದ್ದರು.

"ನರ್ಸಮ್ಮಾ, ನಾಳೆಯಿಂದ ಅವರನ್ನೂ ನನ್ ಜೊತೆ ಕಳ್ಸಮ್ಮ!" ಎಂದು ತಾತ ಕೂಗಿದರು.