ಹಳಸಿದ ಪೆಟ್ರೋಲು

ಸೋಮವಾರ ನಾನು ಕುಂಚಾವರಂ ಪಶು ಆಸ್ಪತ್ರೆಯಲ್ಲಿ ಡಾಕ್ಟರಾಗಿ ಹಾಜರಾಗಬೇಕಿತ್ತು. ವಾಡಿಯಿಂದ ಬಸ್ಸಿನಲ್ಲೂ ಹೋಗಬಹುದಿತ್ತು. ಆದರೆ ನಮ್ಮಪ್ಪ ನಾಮದೇವ ಹಟ ಹಿಡಿದು ಕುಳಿತ. ಜೀವಮಾನವೆಲ್ಲ ಫರಸಿ ಕಲ್ಲಿನ ಗಣಿಯ ಮಾಲೀಕರ ಜೀಪು ಓಡಿಸಿ, ಅವರ ಮಕ್ಕಳನ್ನು ಶಾಲೆ, ಕಾಲೇಜು, ಮದುವೆ ಮಂಟಪಕ್ಕೆ ಮುಟ್ಟಿಸಿದವನು. ತನ್ನ ಮಗಳನ್ನು ಮಾತ್ರ ಸ್ವಂತ ಗಾಡಿಯಲ್ಲೇ ಬಿಟ್ಟು ಬರುತ್ತೇನೆ ಎಂದ. ಹಟದಲ್ಲಿ ನಾನೂ ಅವನ ಮಗಳೇ. ಹೋದರೆ ನಮ್ಮ ಗಾಡಿಯಲ್ಲೇ ಎಂದು ಬಸ್ಸಿನ ಮಾತು ಬಿಟ್ಟೆ.

ಸ್ವಂತ ಗಾಡಿ ಎಂದರೆ ಅಂಗಳದ ಹಳೇ ಮಾರುತಿ. ಅಪ್ಪನ ಮೊಣಕಾಲಿನ ಆಪರೇಷನ್ ಆದಾಗಿನಿಂದ ಅದು ನಿಂತಲ್ಲೇ ನಿಂತಿತ್ತು. ಅವ್ವ ಅದರ ಮೇಲೆ ಹಪ್ಪಳ ಒಣಗಿಸುತ್ತಿದ್ದಳು. ಶನಿವಾರ ಅಪ್ಪ ಹೊಸ ಬ್ಯಾಟರಿ ಹಾಕಿ ಕೀಲಿ ತಿರುಗಿಸಿದ. ಗಾಡಿ ಕೆಮ್ಮಿ ಸುಮ್ಮನಾಯಿತು. ಹೊಸ ಪೆಟ್ರೋಲು ತಂದು ಹಳೆಯದರ ಮೇಲೇ ಸುರಿದ. ಆಮೇಲೆ ಕೆಮ್ಮೂ ಇಲ್ಲ.

ಸುದ್ದಿ ತಿಳಿದು ಮಾಲೀಕರ ಮಗ ಫೋನು ಮಾಡಿದ. “ನಮ್ಮ ಜೀಪ್ ಒಯ್ಯೋ ನಾಮ್ಯಾ.” ಅವನು ಅಪ್ಪನ ಕೈಯಲ್ಲಿ ಆಡಿ ಬೆಳೆದ ಹುಡುಗ. ನನ್ನ ಮೈಯೆಲ್ಲ ಉರಿಯಿತು.

ಅವ್ವ ಟ್ಯಾಂಕಿನ ಬಾಯಿಗೆ ಮೂಗು ಹಿಡಿದಳು. “ಹಳಸ್ಯಾದ.”

“ಹಳಸ್ಲಿಕ್ಕ ಅದೇನ್ ಬ್ಯಾಳಿ ಏನು?” ಅಪ್ಪ ನಕ್ಕ.

“ಹಳೇದ್ರಾಗ ಹೊಸಾದು ಕೂಡಸ್ಲಿಕ್ಕ ಅದೇನ್ ಅಂಬಲಿ ಏನು?”

ಅಪ್ಪನನ್ನು ಬೈದು ಏನು ಫಲ? ಅವನು ಹಗಲೆಲ್ಲ ಓಡಿಸುತ್ತಿದ್ದ ಜೀಪಿನ ಟ್ಯಾಂಕಿನಲ್ಲಿ ಯಾವುದಕ್ಕೂ ಹಳಸಲು ಪುರಸೊತ್ತೆಲ್ಲಿತ್ತು!

ಮೆಕ್ಯಾನಿಕ್ ಗುಲಾಮ ದಸ್ತಗೀರ ಬಂದು ಮೂಸಿದ. “ಭಾಭಿ ಖರೇ ಹೇಳ್ಯಾರ. ಬಾಸಿ ಆಗ್ಯಾದ. ಹೊಸಾದೂ ಅದರ ಕೂಡ ಕೆಟ್ಟದ. ಪೂರಾ ತೆಗೀಬೇಕ್ರಿ.” ಅವ್ವನ ಮುಖ ನೋಡಬೇಕಿತ್ತು ಆಗ.

ಭಾನುವಾರ ಅವ್ವ ಒಲೆ ಹಚ್ಚಲಿಲ್ಲ, ಯಾರಿಗೂ ಬೀಡಿ ಸೇದಲು ಬಿಡಲಿಲ್ಲ. ದಸ್ತಗೀರ ಟ್ಯಾಂಕ್ ಇಳಿಸಿದ. ಕಡು ಚಹಾದ ಬಣ್ಣದ ಪೆಟ್ರೋಲು ಹುಳಿ ನಾತ ಹೊಡೆಯುತ್ತ ಕ್ಯಾನಿಗಿಳಿಯಿತು. ಅಪ್ಪ ಟ್ಯಾಂಕ್ ತೊಳೆದ. ನಾನು ಸೈಕಲ್ ಪಂಪಿನಿಂದ ಪೈಪುಗಳಿಗೆ ಗಾಳಿ ಹೊಡೆದೆ. ಕಾರ್ಬೊರೇಟರಿನ ಸಣ್ಣ ತೂತುಗಳಲ್ಲಿ ಬೆಲ್ಲದ ಪಾಕದಂಥ ಅಂಟು ಕೂತಿತ್ತು. ದಸ್ತಗೀರ ಅದನ್ನು ತೊಳೆದು, ಫಿಲ್ಟರು ಬದಲಿಸಿ, ಹೊಸ ಪೆಟ್ರೋಲು ತುಂಬಿದ.

ಅಪ್ಪ ಕೀಲಿ ತಿರುಗಿಸಿದ. ಏನೂ ಇಲ್ಲ. ಮತ್ತೆ ತಿರುಗಿಸಿದ. ನನ್ನ ಕಡೆ ನೋಡುವ ಧೈರ್ಯ ಅವನಿಗಿರಲಿಲ್ಲ. ಆಗ ಗಾಡಿ ಅಲುಗಿತು, ಸೀನಿತು, ಆಮೇಲೆ ಒಂದೇ ಸಮನೆ ಓಡತೊಡಗಿತು. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, ಕಣ್ಣಿಗೆ ಹೊಗೆ ಹೋಯಿತು ಎಂದಳು.

ಸೋಮವಾರ ಚಿತ್ತಾಪುರ, ಸೇಡಂ, ಚಿಂಚೋಳಿ ದಾಟಿ ಕಾಡಿನ ದಾರಿ ಹಿಡಿದೆವು. ಗಾಡಿ ಎಲ್ಲೂ ನಿಲ್ಲಲಿಲ್ಲ. ಆಸ್ಪತ್ರೆಯ ಗೇಟಿನಲ್ಲಿ ಜವಾನ ಕೈ ಅಡ್ಡ ಹಿಡಿದ. “ಏ ಡ್ರೈವರ್, ಗಾಡಿ ಹೊರಗ ನಿಂದರ್ಸು. ಯಾರದಿದು?”

ನನ್ನ ಸಿಟ್ಟು ನಾಲಿಗೆಯ ತುದಿಗೆ ಬಂದಿತ್ತು. ಅಪ್ಪ ನನ್ನ ಮೊಣಕೈ ಅದುಮಿದ. ನಿಧಾನವಾಗಿ ಇಳಿದು, ಸುತ್ತಿ ಬಂದು, ನನ್ನ ಕಡೆಯ ಬಾಗಿಲು ತೆರೆದು ನಿಂತ.

“ಹೌದ್ರಿ, ನಾ ಡ್ರೈವರೇ. ಗಾಡಿ ನಂದು. ಡಾಕ್ಟರಮ್ಮ ನನ್ನ ಮಗಳು, ಲುಂಬಿನಿ.”

ಜವಾನ ಗೇಟು ಪೂರ್ತಿ ತೆರೆದ. ಅಪ್ಪ ಮತ್ತೆ ಹತ್ತಿ, ಗಾಡಿಯನ್ನು ಒಳಗೇ ತಂದು ನಿಲ್ಲಿಸಿದ.