ಕಾಕಂಬಿಯ ವಾಸನೆ

ಮುಧೋಳದ ಹತ್ತಿರದ ಒಂದು ಸಕ್ಕರೆ ಕಾರ್ಖಾನೆಯ ಡಿಸ್ಟಿಲರಿ ಲ್ಯಾಬಿನಲ್ಲಿ ಪ್ರೇಮಕುಮಾರರು ಮೂವತ್ತೊಂದು ವರ್ಷ ಸ್ಪಿರಿಟ್ ಪರೀಕ್ಷಿಸಿದವರು. ಸಕ್ಕರೆ ತೆಗೆದ ಮೇಲೆ ಉಳಿಯುವ ಕಬ್ಬಿನ ಕಾಕಂಬಿಯಿಂದ ಇಳಿಸಿದ ಸ್ಪಿರಿಟ್ಟಿಗೆ ಯಾವ ವಾಸನೆಯೂ ಉಳಿದಿರಬಾರದು. ಉಳಿದಿದ್ದರೆ ಅವರ ಮೂಗು ಬಿಡುತ್ತಿರಲಿಲ್ಲ. ಅವರು ಕುಡಿದವರಲ್ಲ. ಮನೆಯೊಳಗೆ ಬಾಟಲಿ ಬರಲು ಹೆಂಡತಿ ಯಶೋಧರಾ ಬಿಟ್ಟವರೂ ಅಲ್ಲ. ನಿವೃತ್ತರಾದ ಮೇಲೆ ಕೋವಿಡ್ ಬಂದು ಹೋಯಿತು, ಅದರಲ್ಲಿ ಕಳೆದುಹೋದ ವಾಸನೆ ಹಿಡಿಯುವ ಶಕ್ತಿ ಮಾತ್ರ ಮರಳಲಿಲ್ಲ.

ಕಳೆದ ದೀಪಾವಳಿಯ ಮರುದಿನ ಉಜ್ವಲಾ ಬಂದಳು. ಬನಹಟ್ಟಿಯ ನೇಕಾರ ರಾಚಪ್ಪನ ಮಗಳು, ಅವರ ಲ್ಯಾಬಿಗೆ ಸೇರಿದ ಮೊದಲ ಹುಡುಗಿ. ಸೆರೆ ಇಳಿಸುವ ಕಾರ್ಖಾನೆಗೆ ಮಗಳನ್ನು ಕಳಿಸಲಾರೆನೆಂದು ರಾಚಪ್ಪ ಪಟ್ಟು ಹಿಡಿದಾಗ, ಪ್ರೇಮಕುಮಾರರೇ ಹೋಗಿ, ಮಗ್ಗಗಳ ಸದ್ದಿನ ನಡುವೆ ಕೂಗಿ ಕೂಗಿ ಮಾತಾಡಿ ಒಪ್ಪಿಸಿದ್ದರು. ಈಗ ಅವಳು ಗೋವಾದಲ್ಲಿ ಜಿನ್ ಎಂಬ ಮದ್ಯ ತಯಾರಿಸುತ್ತಾಳೆ.

ಸಣ್ಣ ಶೀಸೆಯೊಂದನ್ನು ಮುಂದಿಟ್ಟು, ಹೊಸ ಜಿನ್ನಿನಲ್ಲಿ ಏನೋ ಒಂದು ವಾಸನೆ ಉಳಿಯುತ್ತಿದೆ, ಅದು ಏನೆಂದು ಯಾರಿಗೂ ಹೇಳಲಾಗುತ್ತಿಲ್ಲ ಎಂದಳು. ಪ್ರೇಮಕುಮಾರರು ಮೂಸಿದರು. ಮತ್ತೆ ಮೂಸಿದರು. ಶೀಸೆಯನ್ನು ಮೆಲ್ಲಗೆ ಕೆಳಗಿಟ್ಟರು.

"ನನಗ ಈಗ ಯಾವ ವಾಸನಿನೂ ಬರಂಗಿಲ್ಲವ್ವಾ," ಎಂದರು.

ಉಜ್ವಲಾಳ ಕಣ್ಣು ತುಂಬಿತು. ಮಾತು ಬದಲಿಸಲೆಂದು ಅವರೇ ಹಳೆಯ ಪಾಠ ತೆಗೆದರು. ಹಾಲೆಂಡಿನಲ್ಲಿ ಜುನಿಪರ್ ಎಂಬ ಪೊದೆಯ ಕಾಯಿ ಹಾಕಿ ಇಳಿಸಿದ ಮದ್ಯವನ್ನು ಮೊದಲು ಔಷಧಿಯೆಂದು ಮಾರುತ್ತಿದ್ದರು, ಇಂಗ್ಲೆಂಡಿಗೆ ಹೋದ ಮೇಲೆ ಅದು ಜಿನ್ ಆಯಿತು. ಔಷಧಿಯೆಂಬ ಮಾತು ಕಿವಿಗೆ ಬಿದ್ದು ಯಶೋಧರಾ ಅಡುಗೆಮನೆಯಿಂದ ಬಂದರು. ಮುಖ ಕಿವುಚುತ್ತಲೇ ಶೀಸೆ ಎತ್ತಿಕೊಂಡು ಮೂಸಿದರು.

ಕೊತ್ತಂಬರಿ ಬೀಜ, ಲಿಂಬೆ ಸಿಪ್ಪೆ ಎಂದು ಒಂದೊಂದಾಗಿ ಹೇಳಿದರು. ಅವರಿಗೆ ಗುರುತು ಸಿಗದ ಇನ್ನೊಂದು ವಾಸನೆ ಜುನಿಪರಿನದು ಎಂದು ಉಜ್ವಲಾ ತಿಳಿಸಿದಳು. ಯಶೋಧರಾ ಇನ್ನೊಮ್ಮೆ ಮೂಸಿ ಗಂಡನ ಕಡೆ ತಿರುಗಿದರು.

"ಇದರಾಗ ನಿಮ್ಮ ಅಂಗಿ ವಾಸನಿ ಐತ್ರಿ. ಡ್ಯೂಟಿ ಮುಗಿಸಿ ಬರ್ತಿದ್ರಲ್ಲ, ಆ ವಾಸನಿ."

"ಕಾಕಂಬಿ," ಎಂದರು ಪ್ರೇಮಕುಮಾರರು.

ಕಾಯಿ ಬೀಜಗಳ ತಪ್ಪಲ್ಲ, ಜಿನ್ನಿಗೆಂದು ಕೊಂಡ ಸ್ಪಿರಿಟ್ಟೇ ಶುದ್ಧವಿಲ್ಲ, ಅವನ್ನು ಹಾಕುವ ಮೊದಲು ಇನ್ನೊಮ್ಮೆ ಇಳಿಸು ಎಂದರು. ಆಮೇಲೆ ಊಟದ ತನಕ ಹಳೆಯ ಲ್ಯಾಬಿನ ಮಾತೇ. ಆ ಅಂಗಿಗಳನ್ನು ಬಿಸಿನೀರಿನಲ್ಲಿ ನೆನೆಹಾಕುತ್ತಾ ಎಷ್ಟು ಬೈಯುತ್ತಿದ್ದೆನೆಂದು ಯಶೋಧರಾ ಹೇಳಿದರು. ಹೇಳುತ್ತಲೇ ಶೀಸೆಯನ್ನು ಮತ್ತೆ ಮೂಗಿನ ಹತ್ತಿರ ಹಿಡಿದರು.

ಹದಿನೈದು ದಿನಕ್ಕೆ ಉಜ್ವಲಾಳ ಫೋನ್ ಬಂತು. ಜಿನ್ನಿನಲ್ಲಿದ್ದ ಕಾಕಂಬಿಯ ವಾಸನೆ ಪೂರ್ತಿ ಹೋಗಿತ್ತು. ಮುಂದಿನ ಸಲ ಮೂಸಿ ನೋಡಲು ಅಮ್ಮನವರೇ ಗೋವಾಕ್ಕೆ ಬರಬೇಕು ಎಂದಳು.

"ಇಬ್ಬರೂ ಬರ್ತೀವಿ," ಎಂದರು ಯಶೋಧರಾ. "ನಾ ಮೂಸಿ ಹೇಳತೀನಿ, ಏನು ಮಾಡಬೇಕಂತ ಇವರು ಹೇಳ್ತಾರ."