ಕನ್ನಡಕವಿಲ್ಲದವಳ ಒಡಪು

ದೀಪಾ ಕನ್ನಡಕ ಹಾಕುವುದಿಲ್ಲ. ಮೊದಲೇ ಇದನ್ನು ಹೇಳಿಬಿಡುತ್ತೇನೆ, ಏಕೆಂದರೆ ಆಮೇಲೆ ಎಲ್ಲರೂ ಇದನ್ನು ಸಣ್ಣ ವಿಷಯವೆಂದರು.

ಅಂದು ಮೂಡಲಗಿಯಲ್ಲಿ ಅವಳ ಕುಬಸ. ಅಲ್ಲಿನ ಹೈಸ್ಕೂಲಿನಲ್ಲಿ ನನ್ನ ಗಂಡ ಬಸವಲಿಂಗ ಕನ್ನಡ ಮಾಸ್ತರ, ಅವಳು ಗಣಿತದ ಟೀಚರ್. ಏಳು ತಿಂಗಳ ಬಸಿರಿ, ಹಸಿರು ಸೀರೆಯುಟ್ಟು ಗಂಡ ಸಾಗರನ ಪಕ್ಕ ಮಣೆಯ ಮೇಲೆ ಕೂತಿದ್ದಳು. ಆರತಿಗೆ ಮುಂಚೆ ಗಂಡನ ಹೆಸರು ಹೇಳಬೇಕು, ಅದೂ ಪ್ರಾಸ ಕೂಡಿಸಿ, ಒಡಪು ಕಟ್ಟಿ.

"ಹೇಳ್ರಿ ಟೀಚರ್, ಈಗ್ಯಾಕ ನಾಚಿಕಿ? ನಾಚೋ ಹೊತ್ತಿನ್ಯಾಗ ನಾಚಿಲ್ಲ!" ಎಂದು ಹೆಂಗಸರು ಕಾಡಿದರು.

ಅವಳು ಹೇಳಿದಳು:

"ಫಾಲ್ಸಿನ ತುಂತುರು ಹಾರಿ ಕನ್ನಡಕ ಮಬ್ಬಾತು,
ಒರಸಿ ಕೊಟ್ಟ ಕೈಯಾಗ ನನ್ನ ಜೀವ ಹಗುರಾತು,
ಸಾಗರ ಅವರ ಹೆಸರ ಹೇಳಾಕ ಇಷ್ಟ ಸಾಕಾತು."

ಎಲ್ಲರೂ ಚಪ್ಪಾಳೆ ತಟ್ಟಿದರು. ಯಾರ ಕನ್ನಡಕ ಎಂದು ಒಬ್ಬರೂ ಕೇಳಲಿಲ್ಲ.

ನನ್ನದು. ಮದುವೆ ನಿಶ್ಚಯವಾದ ಮೇಲೆ ನಾವಿಬ್ಬರೂ ಗೋಕಾಕ ಫಾಲ್ಸಿಗೆ ಹೋಗಿದ್ದೆವು. ತೂಗುಸೇತುವೆಯ ಮೇಲೆ ಬಸವಲಿಂಗ ನನ್ನ ಕನ್ನಡಕ ತೆಗೆದು ತನ್ನ ಅಂಗಿಯಿಂದ ಒರೆಸಿದ. ಮದುವೆಯ ಮರುದಿನ ನಾಗನೂರಿನ ಮನೆಯ ಹೊಸ್ತಿಲಲ್ಲಿ ನಾದಿನಿ ಅಡ್ಡ ನಿಂತು ಹೆಸರು ಕೇಳಿದಾಗ ನಾನು ಹೇಳಿದ್ದು, ಅವನೇ ಚೀಟಿಯಲ್ಲಿ ಬರೆದುಕೊಟ್ಟ ಆ ಮೂರು ಸಾಲು. "ಇದೊಮ್ಮೆ ಅಷ್ಟ ಹೇಳು ಶೋಭಾ. ಇದು ನಮ್ಮಿಬ್ಬರದು" ಎಂದಿದ್ದ. ಐದು ವರ್ಷದಲ್ಲಿ ಎಷ್ಟು ಆರತಿ, ಎಷ್ಟು ತೊಟ್ಟಿಲು! ಊರಿಗೆಲ್ಲ ಗೊತ್ತಿರುವ ಒಡಪು ಹೇಳಿ ಪಾರಾದೆ. ಅದನ್ನು ಮಾತ್ರ ಬಾಯಿಗೆ ತರಲಿಲ್ಲ.

ಗೋಕಾಕದ ಮನೆಗೆ ಮರಳುವಾಗ ಬೈಕಿನ ಮೇಲೆಯೇ ಕೇಳಿದೆ. "ಆ ಒಡಪು ಆಕಿಗೆ ಯಾರು ಕೊಟ್ರು?"

"ನಾನ ಕೊಟ್ಟೆ. ಒಂದ ಬರದು ಕೊಡ್ರಿ ಸರ್ ಅಂದಳು. ಹೊಸಾದು ಬರಿಯಾಕ ಪುರುಸೊತ್ತ ಇರಲಿಲ್ಲ, ಇದ್ದದ್ದು ಕೊಟ್ಟೆ."

"ಇದ್ದದ್ದು! ಮೂಲ್ಯಾಗಿನ ಹಳೇ ಛತ್ರಿ ಕೊಟ್ಟಂಗ ಹೇಳತೀರಲ್ರಿ."

"ಮೂರು ಸಾಲಿಗೆ ಇಷ್ಟ ರಂಪೇನ? ನಾ ಏನರ ಆಕಿ ಕೈ ಮುಟ್ಟೇನನು?"

"ಮುಟ್ಟಿದ್ರ ಇಷ್ಟ ಸಿಟ್ಟ ಬರತಿರಲಿಲ್ಲ."

ಬಾಯಿಂದ ಬಂದ ಮೇಲೆಯೇ ಅದು ನಿಜವೆಂದು ನನಗೂ ಗೊತ್ತಾಯಿತು.

ದಾರಿಯಲ್ಲಿ ನಾಗನೂರಿಗೆ ಇಳಿದೆವು. ಅತ್ತೆ ಶಿವವ್ವ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದಳು. ನನ್ನ ದೂರು ಕೇಳಿ ಮೊರ ಕೆಳಗಿಟ್ಟು ನಕ್ಕಳು.

"ಗಂಡಸು ಎಲ್ಲೆರ ಮಲಗಿ ಬಂದ್ರ ಅಳಬೇಕ ಯವ್ವಾ. ನಿಮ್ಮ ಮಾವ ಹುಕ್ಕೇರಿ ಸಂತಿಗಂತ ಹೋಗಿ ಒಬ್ಬಾಕಿ ಮನ್ಯಾಗ ಇದ್ದು ಬರತಿದ್ದ. ನಾ ಸುಮ್ಮನಿದ್ದೆ. ಒಂದ ದಿನ ಉಣ್ಣಾಕ ಕುಂತು, 'ಆಕಿ ಕೈಯಾಗಿನ ಝುಣಕದ ರುಚಿನ ಬ್ಯಾರೆ' ಅಂದ ನೋಡು, ಆರು ತಿಂಗಳ ಮಾತು ಬಿಟ್ಟೆ."

"ಹಂಗಾರ ನಿಮಗ ಝುಣಕಾ, ನನಗ ಒಡಪು. ನಗೂದ್ಯಾಕ ಅತ್ತಿ?"

ಶಿವವ್ವನ ನಗೆ ನಿಂತಿತು. ಮತ್ತೆ ಮೊರ ಎತ್ತಿಕೊಂಡಳು.

ಮೋಸಕ್ಕೆ ಬಸವಲಿಂಗನಿಗೂ ಒಂದು ಅಳತೆಯಿತ್ತು. ಹೋದ ವರ್ಷ ನನ್ನ ಕಾಲೇಜಿನ ಗೆಳೆಯ ಶ್ರೀಶೈಲ ಮೊಬೈಲಿಗೆ ಒಂದು ಹಳೆಯ ಫೋಟೊ ಕಳಿಸಿದ್ದ. ನಾವು ಹದಿನೈದು ಜನ ಕಾಲೇಜಿನ ಮೆಟ್ಟಿಲ ಮೇಲೆ. ನಾನು 'ಚಂದ ಐತಿ' ಎಂದು ಉತ್ತರಿಸಿದ್ದೆ. ಬಸವಲಿಂಗ ಎರಡು ದಿನ ಊಟ ಬಿಟ್ಟ. ಇದು ಮೋಸವೆಂದ. ಇದೇ ಪಡಸಾಲೆಯಲ್ಲಿ, ತಾಯಿಯ ಎದುರು, ಇನ್ನೆಂದೂ ಶ್ರೀಶೈಲನ ಜೊತೆ ಮಾತಾಡುವುದಿಲ್ಲವೆಂದು ವಿಭೂತಿ ಮುಟ್ಟಿಸಿ ಆಣೆ ಮಾಡಿಸಿದ. ಅದು ಮೋಸವೆಂದು ನನಗೆ ಅಂದೂ ಅನಿಸಿರಲಿಲ್ಲ, ಇಂದೂ ಅನಿಸುವುದಿಲ್ಲ. ಆದರೆ ಅವನಿಗೆ ನೋವಾಗಿತ್ತು. ಅಷ್ಟಕ್ಕೇ ಮುಟ್ಟಿದೆ.

ಒಳಗೆ ಹೋಗಿ ದೇವರ ಜಗಲಿಯ ಮೇಲಿನ ವಿಭೂತಿ ಗಟ್ಟಿ ತಂದು ಅವನ ಮುಂದೆ ಹಿಡಿದೆ.

"ಮುಟ್ರಿ. ನನ್ನದನ್ನ ಇನ್ನೊಬ್ಬಾಕಿಗೆ ಕೊಡಂಗಿಲ್ಲ ಅನ್ರಿ."

"ತಲಿ ಕೆಟ್ಟೈತೇನ? ಇಂಥಾದ್ದಕ್ಕೆಲ್ಲ ಯಾರರ ಆಣಿ ಮಾಡತಾರನು?"

"ಫೋಟೊಕ್ಕ ಮಾಡಿಸಿದ್ರಿ."

"ಅದು ಬ್ಯಾರೆ."

"ಹೆಂಗ ಬ್ಯಾರೆ?"

"ಬ್ಯಾರೆ ಅಂದ್ರ ಬ್ಯಾರೆ."

ಮಕ್ಕಳಿಗೆ ಸಂಧಿ, ಸಮಾಸ ಬಿಡಿಸಿ ಹೇಳುವ ಮಾಸ್ತರ ಎರಡೂ ಕೈ ಪ್ಯಾಂಟಿನ ಜೇಬಿಗೆ ಇಳಿಬಿಟ್ಟ.

"ಮುಟ್ಟೋ ಬಸ್ಯಾ," ಶಿವವ್ವ ಮೊರದಿಂದ ತಲೆ ಎತ್ತದೆ ಹೇಳಿದಳು. "ಕೈ ಏನ ಸುಡತೈತೇನ?"

ಅವನು ಮುಟ್ಟಲಿಲ್ಲ. ನನ್ನ ತೋಳು ಸೋಲುವವರೆಗೂ ಹಿಡಿದೇ ನಿಂತೆ. ಆಮೇಲೆ ಗಟ್ಟಿಯನ್ನು ಜಗಲಿಯ ಮೇಲಿಟ್ಟು ಬಂದೆ.

"ಹಂಗಾದ್ರ ನನ್ನ ಆಣಿನೂ ಇವತ್ತಿಗೆ ಮುಗೀತು. ಇಬ್ಬರ ಮುಂದೂ ಹೇಳಾಕತ್ತೇನಿ."

ಅವನ ಮುಖ ಕೆಂಪಾಯಿತು. "ಅಂದ್ರ ಆ ಶ್ರೀಶೈಲಗ ಫೋನ್ ಮಾಡಾಕಿ ಏನ?"

ಇಷ್ಟು ಹೊತ್ತು ನಾನು ಆಡಿದ್ದನ್ನೆಲ್ಲ ಸೋಸಿ ಅವನು ಉಳಿಸಿಕೊಂಡದ್ದು ಅದೊಂದೇ ಪ್ರಶ್ನೆ. ಚಪ್ಪಲಿ ಮೆಟ್ಟಿದೆ. ಅವನು ಬೈಕಿನ ಕೀಲಿ ಹಿಡಿದು ಹಿಂದೆ ಹಿಂದೆ ಕೂಗುತ್ತ ಬಂದ. ನಾನು ರಸ್ತೆಗೆ ಬಂದು ಗೋಕಾಕದ ಬಸ್ಸಿಗೆ ಕೈ ಮಾಡಿದೆ.